ಅಪ್‌ಡೇಟ್: ಜೈಲಿನಿಂದ ಬಂದವರ ತರಬೇತಿಗೆ ಹಣ ಹುಡುಕಿದ ಕಥೆ

ಹಾಸನದ ನಮ್ಮ ಬಡಾವಣೆಯಲ್ಲಿ, ಜೈಲಿನಿಂದ ಬಿಡುಗಡೆಯಾಗಿ ಬಂದ ಹುಡುಗರು ಕೆಲಸವಿಲ್ಲದೆ ಮತ್ತೆ ಹಳೆಯ ದಾರಿ ಹಿಡಿಯದಂತೆ ಬೈಕ್ ರಿಪೇರಿ ಕಲಿಸಲು ಸರ್ಕಾರದ ಹಣ ಎಲ್ಲಿ ಸಿಗುತ್ತದೆ ಎಂದು ಮೂರು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಋಣಿ.

ಸಂಸದರ ನಿಧಿಯ ಸಲಹೆ ಫಲಿಸಲಿಲ್ಲ. ಆ ಹಣ ಕಟ್ಟಡದಂತಹ ಶಾಶ್ವತ ಆಸ್ತಿಗಳಿಗೆ ಮೀಸಲು; ಶಿಕ್ಷಕರ ಸಂಬಳದಂತಹ ಆವರ್ತಕ ವೆಚ್ಚಕ್ಕೆ ಬಳಸುವಂತಿಲ್ಲ. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಕೊಡುವ ಸಿಎಸ್‌ಆರ್ ಹಣವೂ ಕೈಗೆಟುಕಲಿಲ್ಲ, ಏಕೆಂದರೆ 2021ರ ಏಪ್ರಿಲ್‌ನಿಂದ ಅದನ್ನು ಪಡೆಯುವ ಸಂಸ್ಥೆಗೆ ಕೇಂದ್ರ ಸರ್ಕಾರದಲ್ಲಿ ಸಿಎಸ್‌ಆರ್-1 ಎಂಬ ನೋಂದಣಿ ಕಡ್ಡಾಯ, ನಮ್ಮದೋ ನೋಂದಣಿಯೇ ಇಲ್ಲದ ಗೆಳೆಯರ ಗುಂಪು.

ಕೊನೆಗೆ ಕೈಹಿಡಿದದ್ದು, 'ಹಣ ಹುಡುಕಬೇಡಿ, ಹುಡುಗರನ್ನೇ ಹಣವಿರುವಲ್ಲಿಗೆ ಕಳುಹಿಸಿ' ಎಂದವರ ಮಾತು. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತವೆಂಬುದೂ, ಈ ಮಾದರಿ 1982ರಲ್ಲಿ ನಮ್ಮ ಘಟ್ಟದ ಕೆಳಗಿನ ಉಜಿರೆಯಲ್ಲೇ ಹುಟ್ಟಿತೆಂಬುದೂ ನನಗೆ ತಿಳಿದಿರಲಿಲ್ಲ. ಸುತ್ತಲಿನ ಹಳ್ಳಿಗಳ ಇಬ್ಬರು ಈಗ ಸೇರಿದ್ದಾರೆ. ಮೂರನೆಯವನು ಬರುವುದಾಗಿ ಹೇಳಿ ಕಾಫಿ ತೋಟದ ಕೂಲಿಗೆ ಹೋದ, ಅದೂ ದುಡಿಮೆಯೇ.

ಅನಿರೀಕ್ಷಿತವಾಗಿ ತಿಳಿದ ಸಂಗತಿಯೊಂದಿದೆ. ನ್ಯಾಯಾಲಯವು ಜೈಲು ಶಿಕ್ಷೆ ವಿಧಿಸದೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮೇಲೆ ಬಿಟ್ಟವರಿಗೆ, ಅದರ 12ನೇ ಕಲಮಿನ ಪ್ರಕಾರ, ಅಪರಾಧಿ ಎಂದು ತೀರ್ಪಾದುದರಿಂದ ಕಾನೂನಿನಂತೆ ಬರುವ ಅನರ್ಹತೆ ಅಂಟುವುದಿಲ್ಲ. ಸೇರಿದ ಇಬ್ಬರಲ್ಲಿ ಒಬ್ಬನದು ಇದೇ ಪ್ರಕರಣ. ಅವನಿಗಾಗಲಿ ಅವನ ತಾಯಿಗಾಗಲಿ ಇದನ್ನು ಯಾರೂ ಹೇಳಿರಲಿಲ್ಲ. ಇಂತಹ ವಿಷಯಗಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ನಾನು ಕಡೆಯಲ್ಲಿ ಹೋದೆ.