ಕತ್ತಲೆ ಒಂದು ವಸ್ತುವೇ?

ರಾತ್ರಿಪಾಳಿ: ನಾನು ಲಿಫ್ಟ್ ರಿಪೇರಿ ಮಾಡುವವನು. ಕೆಳಗಿನ ಗುಂಡಿಯಲ್ಲಿ ಟಾರ್ಚ್ ಆರಿದಾಗ ಕತ್ತಲೆ ಮೈಗೆ ತಾಗಿದಂತೆನಿಸುತ್ತದೆ. ಅದು ನಿಜಕ್ಕೂ ಏನಾದರೂ ಹೌದೇ, ಬರೀ ಬೆಳಕಿಲ್ಲದಿರುವುದೇ?

ತರ್ಕಪ್ರಿಯ: ಹಳೆಯ ಜಗಳ. ಕತ್ತಲೆಗೆ ಬಣ್ಣವಿದೆ, ಚಲನೆಯಿದೆ, ಆದ್ದರಿಂದ ಅದು ದ್ರವ್ಯ, ಅಂದರೆ ನಿಜವಾದ ವಸ್ತು ಎಂದರು ಭಾಟ್ಟ ಮೀಮಾಂಸಕರು (ಕುಮಾರಿಲ ಭಟ್ಟನ ದರ್ಶನಪಂಥದವರು). ನೈಯಾಯಿಕರು, ಅಂದರೆ ನ್ಯಾಯ ದರ್ಶನದ ತರ್ಕಶಾಸ್ತ್ರಿಗಳು, ಒಪ್ಪಲಿಲ್ಲ: ಸರಿಯುವುದು ದೀಪ, ನೆರಳು ಸರಿದಂತೆ ಕಾಣುತ್ತದೆ ಅಷ್ಟೆ, ಕತ್ತಲೆಯೆಂದರೆ ತೇಜಸ್ಸಿನ ಅಭಾವ, ಬೆಳಕು ಇಲ್ಲದಿರುವುದು. ನನ್ನ ಮತ ನೈಯಾಯಿಕರಿಗೆ. (ಮೀಮಾಂಸಕರ ವಾದವೇ ಹೆಚ್ಚು ಸ್ವಾರಸ್ಯ, ಅದು ಬೇರೆ ಮಾತು.)

ಚುಕ್ಕಿ: ‘ಬೆಳಕಿಲ್ಲ’ ಎಂದು ತೀರ್ಪು ಕೊಡುವುದು ಕಣ್ಣು ತಾನೇ? ರಾತ್ರಿಯ ಕಪ್ಪು ಆಕಾಶದ ತುಂಬ ಮೈಕ್ರೋವೇವ್ ವಿಕಿರಣವಿದೆ, ಅದೂ ಬೆಳಕಿನ ಜಾತಿಯದೇ, ಕಣ್ಣಿಗೆ ಕಾಣದು ಅಷ್ಟೆ. ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು 1965ರಲ್ಲಿ ಅದನ್ನು ಪ್ರಕಟಿಸಿದರು.

ರಾತ್ರಿಪಾಳಿ: ಲಿಫ್ಟ್ ಗುಂಡಿಯಲ್ಲೂ ಏನಾದರೂ ಇರುತ್ತದೆಯೇ?

ಚುಕ್ಕಿ: ಗೋಡೆಗಳೂ ನೀವೂ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಕಿರಣ ಸೂಸುತ್ತಲೇ ಇರುತ್ತೀರಿ. ಆದರೂ ಟಾರ್ಚಿಗೆ ಹೊಸ ಸೆಲ್ ಹಾಕಿಕೊಳ್ಳಿ.