‘ಆರ್ಥಿಕ ವಸೂಲಾತಿ’ಯೋ ‘ಚೇತರಿಕೆ’ಯೋ?

ಕಲಬುರಗಿಯಿಂದ:
ನಾಳೆ ಮುಂಜಾನೆ ಫ್ಲೆಕ್ಸ್ ಅಚ್ಚಿಗೆ ಹೋಗಬೇಕು, ಬೇಗ ಹೇಳಿ. ಕೊರೊನಾದಾಗ ಮುಂಬೈ, ಹೈದರಾಬಾದಿಗೆ ಗುಳೆ ಹೋದವರು ಊರಿಗೆ ಮರಳಿದರಲ್ಲ, ಆಗ ಉದ್ಯೋಗ ಖಾತ್ರಿಯಲ್ಲಿ ಖರ್ಚಾದ ಹಣದ ಸಾಮಾಜಿಕ ಪರಿಶೋಧನೆ (ಊರವರೇ ಲೆಕ್ಕ ನೋಡೋ ಆಡಿಟ್) ಕುರಿತು ತರಬೇತಿ. ಇಂಗ್ಲಿಷ್ ಕೈಪಿಡಿಯ ‘ಎಕನಾಮಿಕ್ ರಿಕವರಿ’ಯನ್ನು ಯಾರೋ ಪುಣ್ಯಾತ್ಮರು ‘ಆರ್ಥಿಕ ವಸೂಲಾತಿ’ ಮಾಡಿಟ್ಟಿದ್ದಾರೆ. ಆ ವರ್ಷ ದಿನಕ್ಕೆ 275 ರೂಪಾಯಿ ಕೂಲಿ ತಗೊಂಡವರು ಇದನ್ನು ಓದಿದರೆ, ಕೊಟ್ಟಿದ್ದನ್ನೇ ವಾಪಸ್ ಕೇಳಲಿಕ್ಕೆ ಬಂದಾರ ಅಂತ ಗಾಬರಿಯಾಗ್ತಾರೆ. ಪಂಚಾಯಿತಿ ಆಡಿಟ್‌ನಲ್ಲಿ ರಿಕವರಿ ಅಂದರೆ ವಸೂಲಿಯೇ, ಅದು ಗೊತ್ತು. ತಿಂದ ಹಣ ಕಕ್ಕಿಸುವ ಅಧ್ಯಾಯವೂ ಇದೇ ಕೈಪಿಡಿಯಲ್ಲಿದೆ, ಅಲ್ಲಿ ಹಾಗೇ ಇರಲಿ. ಇಲ್ಲಿಗೆ ‘ಚೇತರಿಕೆ’ ಸಾಕೋ, ‘ಪುನಶ್ಚೇತನ’ ಬೇಕೋ?

ಧಾರವಾಡದಿಂದ:
ಎರಡೂ ಒಂದಲ್ಲ. ಸರ್ಕಾರ ಮಾಡುವುದು ಪುನಶ್ಚೇತನ, ಜನಕ್ಕೆ ಆಗುವುದು ಚೇತರಿಕೆ. 2020ರ ಮೇ ತಿಂಗಳಲ್ಲಿ ಉದ್ಯೋಗ ಖಾತ್ರಿಗೆ ಕೇಂದ್ರ ಹೆಚ್ಚುವರಿಯಾಗಿ ಘೋಷಿಸಿದ 40,000 ಕೋಟಿ ರೂಪಾಯಿ ಪುನಶ್ಚೇತನದ ಹಣ. ಅದರಿಂದ ಚೇತರಿಕೆ ಆಯಿತೋ ಇಲ್ಲವೋ ಎಂಬುದನ್ನು ಪರಿಶೋಧನೆ ಹೇಳಲಿ.

ಮೈಸೂರಿನಿಂದ:
ಮೊದಲು ‘ಪರಿಶೋಧನೆ’ ಕಿತ್ತುಹಾಕಿ, ನೇರ ಸಂಸ್ಕೃತ. ‘ಲೆಕ್ಕ’ವೂ ‘ಲೇಖ’ದ ತದ್ಭವ. ‘ಎಣಿಕೆಯೊರೆ’ ಎನ್ನಿ, ಚಿನ್ನವನ್ನು ಒರೆಗೆ ಹಚ್ಚಿದಂತೆ. ನಿಜಾಮನ ಆಳ್ವಿಕೆ 1948ಕ್ಕೇ ಮುಗಿಯಿತು, ವಸೂಲಿ, ತಪಾಸಣೆ, ಜಮಾಬಂದಿಯಂಥ ಪಾರಸಿ-ಅರಬ್ಬಿ ಮಾತುಗಳಿಂದ ಇನ್ನೂ ಬಿಡುಗಡೆಯಿಲ್ಲವೇ?

ಬೀದರಿನಿಂದ:
ಜಮಾಬಂದಿ, ಅಂದ್ರ ಪಂಚಾಯಿತಿಯ ವರ್ಷದ ಲೆಕ್ಕ ನೋಡೋದು, ನಿಮ್ಮ ಮೈಸೂರಿನ ಪಂಚಾಯಿತಿಗಳಲ್ಲೂ ವರ್ಷಾ ನಡೀತದ, ಹೋಗಿ ನೋಡಿ ಬರ್ರಿ. ‘ಎಣಿಕೆಯೊರೆ’ ಅಂತ ಡಂಗುರ ಹೊಡೆಸಿದರ ಗ್ರಾಮಸಭೆಗೆ ನಾಯಿನೂ ಬರಂಗಿಲ್ಲ. ‘ಆಡಿಟ್’ ಲ್ಯಾಟಿನ್ನಿನ ‘ಕೇಳು’ ಧಾತುವಿನಿಂದ ಬಂದದ್ದು, ಹಿಂದೆ ಲೆಕ್ಕ ಓದಿಸಿ ಕಿವಿಯಿಂದ ಕೇಳತಿದ್ರು. ನಮ್ಮಲ್ಲಿ ‘ಲೆಕ್ಕ ಕೇಳೋದು’ ಅಂದ್ರೆ ಕಿವಿಗೊಡೋದೂ ಹೌದು, ಜಬಾಬು ಕೇಳೋದೂ ಹೌದು. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಆ ಕೆಲಸ ಗ್ರಾಮಸಭೆಗೇ ಕೊಟ್ಟಿತ್ತು. (‘ಕಲಂ’ ಅರಬ್ಬಿ, ಕ್ಷಮೆಯಿರಲಿ.) ‘ಊರವರು ಲೆಕ್ಕ ಕೇಳುವ ಸಭೆ’ ಅಂತ ಬರಸ್ರಿ.

ಮೈಸೂರಿನಿಂದ:
ಅದು ಪದವಲ್ಲ, ವಾಕ್ಯ.

ಬೀದರಿನಿಂದ:
ತಿಳೀತದಲ್ಲ?

ಕಲಬುರಗಿಯಿಂದ:
ಫ್ಲೆಕ್ಸಿನವ ಎರಡು ಸಲ ಫೋನ್ ಹಚ್ಚಿದ. ಮೇಲೆ ದಪ್ಪಕ್ಷರದಲ್ಲಿ ‘ಊರವರು ಲೆಕ್ಕ ಕೇಳುವ ಸಭೆ’, ಕೆಳಗೆ ‘ಆರ್ಥಿಕ ಪುನಶ್ಚೇತನದ ಹಣ: ಸಾಮಾಜಿಕ ಪರಿಶೋಧನೆ’ ಅಂತ ಕಳಿಸಿದೆ. ‘ಶ್ಚ’ ಅವನ ಫಾಂಟಿನಲ್ಲಿ ಒಡೆದು ಬರ್ತದಂತ. ಧಾರವಾಡದವರು ಸಿಟ್ಟಾಗಬಾರದು, ‘ಚೇತರಿಕೆ’ಯನ್ನೇ ಹಾಕಿಸ್ತೀನಿ.