ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮೊದಲೇ ಮಧುಮೇಹ ಇದ್ದವರಿಗೆ ವಿಮೆ ಸಿಗುತ್ತದೆಯೇ?

ಶ್ರೀಧರ (ಪ್ರಶ್ನೆ):

ನನ್ನ ಅಕ್ಕನಿಗೆ 42 ವರ್ಷ. ಎತ್ತರ 160 ಸೆಂ.ಮೀ., ತೂಕ 98 ಕಿಲೋ. ಆರು ವರ್ಷಗಳಿಂದ ಮಧುಮೇಹವಿದೆ. ಎರಡು ವರ್ಷಗಳ ಹಿಂದೆ ಆರೋಗ್ಯ ವಿಮೆ ಮಾಡಿಸುವಾಗ ಪ್ರೊಪೋಸಲ್ ಫಾರಂನಲ್ಲಿ ತೂಕವನ್ನೂ ಮಧುಮೇಹವನ್ನೂ ಮುಚ್ಚಿಡದೆ ಬರೆದಿದ್ದೆವು. ಈಗ ವೈದ್ಯರು ಬೇರಿಯಾಟ್ರಿಕ್ (ತೂಕ ಇಳಿಸುವ) ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದಿದ್ದಾರೆ. ಕಂಪನಿಯ ಸಹಾಯವಾಣಿಯಲ್ಲಿ ವಿಚಾರಿಸಿದರೆ ಬೊಜ್ಜಿನ ಚಿಕಿತ್ಸೆ ಪಾಲಿಸಿಯಲ್ಲಿ ಬರುವುದೇ ಇಲ್ಲ ಎನ್ನುತ್ತಾರೆ. ಏಜೆಂಟರು ಮಾತ್ರ ಮೂರು ವರ್ಷ ತುಂಬಿದರೆ ಸಾಕು, ಎಲ್ಲವೂ ಬರುತ್ತದೆ ಎನ್ನುತ್ತಾರೆ. ಇವರಿಬ್ಬರಲ್ಲಿ ಯಾರ ಮಾತನ್ನು ನಂಬಬೇಕು?

ವೀಣಾ:

ಇಬ್ಬರ ಮಾತೂ ಅರ್ಧ ಸರಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಅನ್ವಯಿಸುವಂತೆ ಹೊರಗಿಡುವ ಷರತ್ತುಗಳ ಒಕ್ಕಣೆಯನ್ನು ಏಕರೂಪಗೊಳಿಸಿತು. ಅವುಗಳಲ್ಲಿ 06ನೆಯದು ಬೊಜ್ಜಿಗೆ ಸಂಬಂಧಿಸಿದ್ದು. ಸಹಾಯವಾಣಿಯವರು ಬಹುಶಃ ಅದರ ತಲೆಬರಹವನ್ನಷ್ಟೇ ಓದಿ ಹೇಳಿರಬೇಕು. ಪೂರ್ತಿ ಓದಿದರೆ, ಕೆಲವು ಷರತ್ತುಗಳನ್ನು ಪೂರೈಸದ ಶಸ್ತ್ರಚಿಕಿತ್ಸೆಗೆ ಮಾತ್ರ ಹಣ ಕೊಡುವುದಿಲ್ಲ ಎಂದು ಅದರಲ್ಲಿದೆ. ವೈದ್ಯರ ಸಲಹೆ ಇರಬೇಕು, ಚಿಕಿತ್ಸೆ ವೈದ್ಯಕೀಯ ನಿಯಮಾವಳಿಗೆ ಒಪ್ಪುವಂತಿರಬೇಕು, ರೋಗಿಗೆ 18 ವರ್ಷ ತುಂಬಿರಬೇಕು. ಇವು ಮೂರೂ ಕಷ್ಟವೇನಲ್ಲ. ನಿಜವಾದ ಜಗ್ಗಾಟ ನಡೆಯುವುದು ನಾಲ್ಕನೆಯದರಲ್ಲಿ: ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು, ಪಥ್ಯ, ವ್ಯಾಯಾಮದಂತಹ ಸೌಮ್ಯ ಕ್ರಮಗಳು ಫಲ ಕೊಡದೆ, ಜೊತೆಗೆ ಬೊಜ್ಜಿನಿಂದ ಬಂದ ಹೃದಯಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ), ಹತೋಟಿಗೆ ಬಾರದ ಟೈಪ್ 2 ಮಧುಮೇಹ ಇವುಗಳಲ್ಲಿ ಒಂದಾದರೂ ಇರಬೇಕು.

ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ನಿಮ್ಮ ಅಕ್ಕನ ಬಿಎಂಐ 38.3 ಬರುತ್ತದೆ. ಅಂದರೆ ಅವರು ಎರಡನೆಯ ದಾರಿಯಿಂದಲೇ ಹೋಗಬೇಕು, ಮತ್ತು ಆ ದಾರಿ ಸದ್ಯಕ್ಕೆ ಮಧುಮೇಹದ ಮೂಲಕವೇ ಹಾದುಹೋಗುತ್ತದೆ. ತೊಡಕು ಇರುವುದು ಇಲ್ಲಿಯೇ. ಶಸ್ತ್ರಚಿಕಿತ್ಸೆಗೆ ಅರ್ಹತೆ ತಂದುಕೊಡುವ ಆ ಮಧುಮೇಹವೇ ಪಾಲಿಸಿಯ ಲೆಕ್ಕದಲ್ಲಿ ಮೊದಲೇ ಇದ್ದ ಕಾಯಿಲೆಯೂ ಆಗುತ್ತದೆ. ಅಂತಹ ಕಾಯಿಲೆಗೆ ಕಾಯುವ ಅವಧಿ, ಅಂದರೆ ಪಾಲಿಸಿ ಕೊಂಡ ಮೇಲೆ ಅದರ ಚಿಕಿತ್ಸೆಗೆ ಹಣ ಸಿಗದ ಅವಧಿ, ಹೆಚ್ಚೆಂದರೆ 36 ತಿಂಗಳು ಇರಬಹುದು. 2024ರ ಏಪ್ರಿಲ್‌ಗೆ ಮೊದಲು ಇದು 48 ತಿಂಗಳಿತ್ತು. ನಿಮ್ಮ ಪಾಲಿಸಿಯಲ್ಲಿ ಎಷ್ಟು ತಿಂಗಳೆಂದು ಬರೆದಿದೆ ನೋಡಿ. ಬೇರಿಯಾಟ್ರಿಕ್‌ಗೆಂದೇ ಪ್ರತ್ಯೇಕ ಕಾಯುವ ಅವಧಿ ಅಥವಾ ಹಣದ ಮಿತಿ ಇಟ್ಟಿರುವ ಪಾಲಿಸಿಗಳೂ ಇವೆ.

ಶ್ರೀಧರ:

ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಪಾಲಿಸಿಯಲ್ಲಿ 36 ತಿಂಗಳೆಂದೇ ಇದೆ. ಆದರೆ ಅಕ್ಕನ ಸಕ್ಕರೆ ಮಾತ್ರೆಗಳಿಂದ ಬಹುಮಟ್ಟಿಗೆ ಹತೋಟಿಯಲ್ಲಿದೆ. ಹಾಗಿದ್ದರೆ ಮೂರು ವರ್ಷ ಕಾದರೂ ಪ್ರಯೋಜನವಿಲ್ಲವೇ?

ರಾಘವೇಂದ್ರ:

ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ. ‘ಹತೋಟಿಗೆ ಬಾರದ’ ಎಂಬುದಕ್ಕೆ ಆ ಷರತ್ತಿನಲ್ಲಿ ಯಾವ ಅಂಕಿಯನ್ನೂ ಕೊಟ್ಟಿಲ್ಲ. ಹೀಗಾಗಿ ಕಂಪನಿಯ ವೈದ್ಯರು ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ವರದಿಗಳನ್ನು ಕೇಳುತ್ತಾರೆ, ಅವು ಚೆನ್ನಾಗಿದ್ದರೆ ತಕರಾರು ತೆಗೆಯುತ್ತಾರೆ. ಮಾತ್ರೆ ಬಿಟ್ಟು ಸಕ್ಕರೆ ಏರಿಸಿಕೊಳ್ಳೋಣವೆಂಬ ಯೋಚನೆ ಯಾರಿಗೂ ಬಾರದಿರಲಿ. ಅಂತಹ ಮಾತನ್ನು ನಾನು ಕೇಳಿರುವುದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಅದರ ಬದಲು, ಷರತ್ತಿನ ಪಟ್ಟಿಯಲ್ಲೇ ಇರುವ ಸ್ಲೀಪ್ ಆಪ್ನಿಯಾ ಅಕ್ಕನಿಗಿದೆಯೇ ಎಂದು ತಿಳಿಯಲು ನಿದ್ರೆಯ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಜೋರಾಗಿ ಗೊರಕೆ ಹೊಡೆಯುವುದು, ಹಗಲಿನಲ್ಲಿ ತೂಕಡಿಸುವುದು ಇದ್ದರೂ ಅನೇಕರು ಅದನ್ನು ಕಾಯಿಲೆಯೆಂದು ಎಣಿಸುವುದಿಲ್ಲ. ಗಂಟೆಗೆ ಸರಾಸರಿ 30 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರು ನಿಂತರೆ ಅಥವಾ ಕುಂದಿದರೆ ಅದನ್ನು ತೀವ್ರ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಪಾಲಿಸಿ ಕೊಂಡ ಮೇಲೆ ಮೊದಲ ಬಾರಿಗೆ ಪತ್ತೆಯಾದ ಕಾಯಿಲೆಯನ್ನು, ಅದಕ್ಕೆ ಮೊದಲೇ ಸಲಹೆಯನ್ನಾಗಲಿ ಚಿಕಿತ್ಸೆಯನ್ನಾಗಲಿ ಪಡೆದಿರದಿದ್ದರೆ, ಮೊದಲೇ ಇದ್ದ ಕಾಯಿಲೆಯೆಂದು ಹೇಳಲು ಬರುವುದಿಲ್ಲ.

ಕಾಗದಪತ್ರಗಳ ಬಗ್ಗೆ ಒಂದು ಮಾತು. ಶಸ್ತ್ರಚಿಕಿತ್ಸೆಗೆ ಮುಂಚಿನ ವಾರಗಳಲ್ಲಿ ಯಕೃತ್ತಿನ ಕೊಬ್ಬು ಕರಗಲೆಂದು ಕಡಿಮೆ ಕ್ಯಾಲೊರಿಯ ಪಥ್ಯ ಕೊಡುವುದುಂಟು. ಆಗ ತೂಕ ಇಳಿದು ಬಿಎಂಐ 35ರ ಅಂಚಿಗೆ ಬಂದವರ ಕ್ಲೇಮ್‌ಗೆ ಪ್ರಶ್ನೆಗಳು ಬರುತ್ತವೆ. ಆದ್ದರಿಂದ ಮೊದಲ ಭೇಟಿಯಲ್ಲೇ ಎತ್ತರ, ತೂಕಗಳನ್ನು ಅಳೆಸಿ, ದಿನಾಂಕ ಸಹಿತ ವೈದ್ಯರ ಸಹಿಯೊಡನೆ ಬರೆಸಿಟ್ಟುಕೊಳ್ಳಿ. ಹಿಂದೆ ಪಥ್ಯತಜ್ಞರನ್ನು ಕಂಡ ಚೀಟಿಗಳಿದ್ದರೆ ಅವನ್ನೂ ಎಸೆಯಬೇಡಿ; ಸೌಮ್ಯ ಕ್ರಮಗಳು ಫಲ ಕೊಡಲಿಲ್ಲವೆಂಬುದಕ್ಕೆ ಅವೇ ಪುರಾವೆ.

ಸುಮಿತ್ರಾ:

ಇನ್ನೊಂದು ವಿಷಯವನ್ನು ಸೇರಿಸುತ್ತೇನೆ. ವೈದ್ಯಕೀಯ ಸಂಘಗಳ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ, ಇಲ್ಲದಿರಲಿ, ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ಏಷ್ಯಾದವರಿಗೆ ಮಿತಿಯನ್ನು ಇನ್ನೂ ಕೆಳಗೆ ಇಟ್ಟಿದೆ. ನಮ್ಮ ಪಾಲಿಸಿಗಳ ಒಕ್ಕಣೆ ಅದಕ್ಕಿಂತ ಹಳೆಯದು. ಆದ್ದರಿಂದ ವೈದ್ಯರು ಬೇಕೆಂದದ್ದನ್ನು ಕಂಪನಿ ನಿರಾಕರಿಸಿದರೆ ಅದು ಯಾವಾಗಲೂ ದುರುದ್ದೇಶವಲ್ಲ. ನನ್ನ ಅಭಿಪ್ರಾಯದಲ್ಲಿ ಬದಲಾಗಬೇಕಾದದ್ದು ಆ ಒಕ್ಕಣೆಯೇ.

ನಿಮ್ಮ ಭಾವನವರೋ ಅಕ್ಕನೋ ನೌಕರಿಯಲ್ಲಿದ್ದರೆ ಅಲ್ಲಿನ ಗುಂಪು ವಿಮೆಯನ್ನೂ ನೋಡಿ. ಮೊದಲೇ ಇದ್ದ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆ ಕೊಡುವ ಗುಂಪು ಪಾಲಿಸಿಗಳು ಸಾಕಷ್ಟಿವೆ, ಆದರೂ ಬೇರಿಯಾಟ್ರಿಕ್ ಅವುಗಳಲ್ಲಿ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಕೇಳಬೇಕು. ಕಂಪನಿ ಬದಲಿಸಿದರೆ ಈಗಾಗಲೇ ಕಳೆದ ಎರಡು ವರ್ಷಗಳು ಲೆಕ್ಕಕ್ಕೆ ಬರುತ್ತವೆ, ಆದರೆ ವಿಮಾ ಮೊತ್ತವನ್ನು ಹೆಚ್ಚಿಸಿಕೊಂಡರೆ ಹೆಚ್ಚಾದ ಭಾಗಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ.

ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನ ಅಡಿಯಲ್ಲಿ ಎಂಬುದನ್ನು ಕಂಪನಿ ಲಿಖಿತವಾಗಿ ತಿಳಿಸಲೇಬೇಕು. ಆ ಪತ್ರದೊಡನೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ (ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.